ನಾಲಿಗೆಯಿಲ್ಲದ ಗಂಟೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಭಾನುವಾರ ಸಂಜೆ ಕ್ವಿಜ್ ನಡೆಯುತ್ತದೆ. ನಡೆಸುವವರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ಅವರಿಗೆ ಎರಡು ಉದ್ದೇಶ. ಜನ ಮೊಬೈಲ್ ಪಕ್ಕಕ್ಕಿಟ್ಟು ಒಂದು ಗಂಟೆ ಒಟ್ಟಿಗೆ ಕೂರಲಿ ಅನ್ನುವುದು ಒಂದು. ಇನ್ನೊಂದನ್ನು ಅವರು ಬಾಯಿಬಿಟ್ಟು ಹೇಳಿಲ್ಲ, ನಾವೇ ಪತ್ತೆಹಚ್ಚಿದ್ದು: ಮನೆಯ ಬೀರು ಖಾಲಿಯಾಗಬೇಕು. ಗೆದ್ದವರಿಗೆ ಅವರ ಪುಸ್ತಕವೇ ಬಹುಮಾನ. ಮೊದಲ ಪುಟದಲ್ಲಿ ಅವರ ಹೆಸರಿನ ರಬ್ಬರ್ ಸ್ಟಾಂಪ್. ಜೇನು ಸಾಕಣೆ, ಮೂಲವ್ಯಾಧಿಗೆ ಮನೆಮದ್ದು, ಎಲ್ಲ ಹೀಗೇ ಒಬ್ಬೊಬ್ಬರ ಮನೆ ಸೇರಿವೆ.

ಕ್ವಿಜ್ ಅಂದರೆ ನಮ್ಮನೆಯವರಿಗೆ ಭಾರೀ ಧೈರ್ಯ. ಚಂದನದಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ಯನ್ನು ಸೋಫಾ ಮೇಲೆ ಕೂತು ಗೆದ್ದವರು ಅವರು. ಅಲ್ಲಿ ಸರಿ ಉತ್ತರಕ್ಕೆ ಕನ್ನಡ ಪುಸ್ತಕ ಕೊಡುತ್ತಾರೆ. ಇವರ ಲೆಕ್ಕದಲ್ಲಿ ನಮ್ಮ ಮನೆಗೆ ಇಷ್ಟು ಹೊತ್ತಿಗೆ ಒಂದು ಲೈಬ್ರರಿಯಷ್ಟು ಬರಬೇಕಿತ್ತು. ಸೋಫಾದಲ್ಲಿ ನೆಗೆಟಿವ್ ಮಾರ್ಕ್ಸ್ ಇರುವುದಿಲ್ಲ ನೋಡಿ.

ಬಝರ್ ಕೊಳ್ಳಲು ಅಸೋಸಿಯೇಷನ್ನಿನವರು ದುಡ್ಡು ಕೊಡಲಿಲ್ಲ. ಅದಕ್ಕೇ ಪ್ರತಿ ತಂಡವೂ ಮನೆಯಿಂದ ಪೂಜೆ ಗಂಟೆ ತರಬೇಕು. ನಮ್ಮ ಅತ್ತೆ ‘ದೇವರ ಗಂಟೆ ಆಟಕ್ಕೆಲ್ಲ ಕೊಡಲ್ಲ’ ಅಂದುಬಿಟ್ಟರು. ಅಟ್ಟದ ಮೇಲಿದ್ದ ಹಳೇ ಗಂಟೆಯೊಂದನ್ನು ಇಳಿಸಿಕೊಟ್ಟರು. ಅದಕ್ಕೆ ನಾಲಿಗೆಯೇ ಇಲ್ಲ. ಹಾಗಾಗಿ ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಚಮಚ. ಎದುರು ತಂಡದ ರಾಯರದು ಹಿತ್ತಾಳೆಯ ದೊಡ್ಡ ಗಂಟೆ. ಮುಟ್ಟಿದರೆ ಸಾಕು, ಗೇಟಿನ ಹತ್ತಿರದ ವಾಚ್‌ಮನ್ ಎದ್ದು ನಿಲ್ಲುತ್ತಾನೆ.

ಕಳೆದ ಭಾನುವಾರದ ಮೊದಲ ಪ್ರಶ್ನೆ. ಮೇಷ್ಟ್ರು ‘ಆಸ್ಟ್ರೇಲಿಯಾದ ರಾಜಧಾನಿ’ ಅನ್ನುವಷ್ಟರಲ್ಲಿ ಇವರು ಚಮಚ ಬಡಿದಾಗಿತ್ತು. ಎಲ್ಲರೂ ಸಿಡ್ನಿ ಅಂತ ಹೇಳಿ ಬೀಳುತ್ತಾರೆ ಅಂತ ಮದುವೆಯಾದಾಗಿನಿಂದ ನನಗೆ ಹೇಳುತ್ತಲೇ ಬಂದಿದ್ದಾರೆ. ಎದ್ದು ನಿಂತು ‘ಕ್ಯಾನ್‌ಬೆರಾ!’ ಅಂದರು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಪ್ರಶ್ನೆಯ ಉಳಿದರ್ಧ ಓದಿದರು: ‘...ಕ್ಯಾನ್‌ಬೆರಾ ಆಗುವ ಮುಂಚೆ, 1927ರವರೆಗೆ ಪಾರ್ಲಿಮೆಂಟ್ ಯಾವ ಊರಿನಲ್ಲಿ ನಡೆಯುತ್ತಿತ್ತು?’ ರಾಯರ ಮೊಮ್ಮಗಳು ‘ಮೆಲ್ಬರ್ನ್’ ಅಂದಳು. ಆರನೇ ಕ್ಲಾಸು. ಇವರು ಮೆಲ್ಲಗೆ ಕೂತರು.

ನನ್ನ ಸರದಿ ಬಂದಿದ್ದು ಜಿಲ್ಲೆಗಳ ಪ್ರಶ್ನೆಗೆ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆ? ತೊಂಬತ್ತರ ದಶಕದ ಶುರುವಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಅಂತ ಉರು ಹೊಡೆದವಳು ನಾನು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಪ್ಪತ್ತು ಅಂತಲೇ ಹೇಳುತ್ತೇನೆ. ಹೇಳಿದೆ. ಸೊನ್ನೆ ಬಂತು. 1997ರಲ್ಲಿ ಒಂದೇ ಏಟಿಗೆ ಏಳು ಹೊಸ ಜಿಲ್ಲೆ ಆದವಂತೆ. 2007ರಲ್ಲಿ ಚಿಕ್ಕಬಳ್ಳಾಪುರ, ರಾಮನಗರ. ಆಮೇಲೆ ಯಾದಗಿರಿ. 2021ರಲ್ಲಿ ವಿಜಯನಗರ. ಒಟ್ಟು 31. ನಾನು ಓದಿದ ಮೇಲೆ ಸರ್ಕಾರ ಬದಲಾಯಿಸಿದರೆ ಅದು ನನ್ನ ತಪ್ಪಾ? ಓದಿದ್ದಕ್ಕೆ ಅಂಕ ಕೊಡಬೇಕು ಅಂತ ವಾದ ಮಾಡಿದೆ. ಮೇಷ್ಟ್ರು ಕೇಳಲಿಲ್ಲ.

ನನ್ನದು ಅಜ್ಞಾನವಲ್ಲ, ಹಳೇ ಸ್ಟಾಕು. ಪ್ಲೂಟೋ ಗ್ರಹ ಆಗಿದ್ದಾಗ ಓದಿದ್ದೇನೆ, 2006ರಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಹಾಗಂತ ಅಪ್‌ಡೇಟ್ ಆಗುತ್ತಾ ಹೋದವರು ಉದ್ಧಾರ ಆದರಾ ಅಂದರೆ ಅದೂ ಇಲ್ಲ. ಕಜಕಿಸ್ತಾನದ ರಾಜಧಾನಿ ಅಸ್ತಾನಾ. 2019ರಲ್ಲಿ ಅದನ್ನು ನೂರ್-ಸುಲ್ತಾನ್ ಅಂತ ಬದಲಾಯಿಸಿದಾಗ ನಮ್ಮನೆಯವರು ಪೇಪರ್ ನೋಡಿ ಬಾಯಿಪಾಠ ಮಾಡಿದರು. 2022ರಲ್ಲಿ ಅದು ಮತ್ತೆ ಅಸ್ತಾನಾ ಆಯಿತು. ಏನೂ ಓದದೆ ಸುಮ್ನೆ ಕೂತಿದ್ದವರಿಗೆ ಅಂಕ, ಇವರಿಗೆ ಸೊನ್ನೆ.

ಅತ್ತೆಯದು ಮಾತ್ರ ಬೇರೆಯೇ ಪದ್ಧತಿ. ಅವರಿಗೆ ಇಸವಿಗಳು ನೆನಪಿರುವುದು ಬಸಿರು, ಬಾಣಂತನ, ಮದುವೆಗಳ ಲೆಕ್ಕದಲ್ಲಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು ಯಾವಾಗ ಅಂತ ಮೇಷ್ಟ್ರು ಕೇಳಿದರು. ಅರ್ಧ ಹಾಲ್ 1956 ಅಂತ ಕೂಗಿತು. ಅತ್ತೆ ನಿಧಾನವಾಗಿ ‘ಅರಸು ಅವರ ಕಾಲ. ಇವನು ಆರು ತಿಂಗಳ ಹೊಟ್ಟೆಯಲ್ಲಿದ್ದ. ಎಪ್ಪತ್ಮೂರು, ನವೆಂಬರ್’ ಅಂದರು. ಹತ್ತು ಅಂಕ ಬಂತು. ಐವತ್ತು ದಾಟಿದ ನಮ್ಮನೆಯವರು ನೆಲ ನೋಡುತ್ತಾ ಕೂತಿದ್ದರು.

ಆದರೆ ಈ ಪದ್ಧತಿಯಲ್ಲಿ ಒಂದು ತೊಂದರೆ ಇದೆ. ಉತ್ತರದ ಜೊತೆ ಇಡೀ ಮದುವೆ ಬರುತ್ತದೆ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಭೂಮಿಗೆ ಬಿದ್ದ ವರ್ಷ ಯಾವುದು ಅನ್ನುವ ಪ್ರಶ್ನೆ ಬಂತು. ಅತ್ತೆ ನನ್ನ ಕಡೆ ತಿರುಗಿ ಶುರು ಮಾಡಿದರು. ‘ಆಗ ಆಷಾಢ ಕಣೇ. ನಮ್ಮ ನಾದಿನಿ ಮದುವೆ ಶ್ರಾವಣಕ್ಕೆ ಇಟ್ಟಿತ್ತು. ತಲೆ ಮೇಲೇ ಬೀಳುತ್ತೆ, ಛತ್ರಕ್ಕೆ ಯಾಕೆ ಅಡ್ವಾನ್ಸ್ ಕೊಡಬೇಕು ಅಂತ ನಮ್ಮ ಮಾವ ಹಠ. ಕೊನೆಗೆ ಅದು ಆಸ್ಟ್ರೇಲಿಯಾದಲ್ಲಿ ಬಿತ್ತು...’ ‘ಇಸವಿ ಹೇಳಿಮ್ಮಾ’ ಅಂತ ಇವರು ಹಲ್ಲು ಕಚ್ಚಿಕೊಂಡು ಕೇಳಿದರು. ಅತ್ತೆಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಮಾತು ಜೋರು. ‘ಎಪ್ಪತ್ತೊಂಬತ್ತು!’ ಅಂತ ಹಾಲಿಗೆಲ್ಲ ಕೇಳುವ ಹಾಗೆ ಹೇಳಿದರು. ಇವರು ಗಾಬರಿಯಲ್ಲಿ ಚಮಚ ಎತ್ತಿದರು. ಅದು ಕೈಜಾರಿ ಜಮಖಾನದ ಮೇಲೆ ಬಿತ್ತು. ಸದ್ದೇ ಇಲ್ಲ. ಅಷ್ಟರಲ್ಲಿ ರಾಯರ ಗಂಟೆ ಢಣ್ ಅಂತು.

ಬೆಂಗಳೂರಿನಲ್ಲಿ 1983ರಿಂದಲೇ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇದೆ. ಅಲ್ಲಿ ಪ್ರಶ್ನೆಯೊಳಗಿನ ಸುಳಿವು ಹಿಡಿದು, ಯೋಚನೆ ಮಾಡಿ ಉತ್ತರ ಕಂಡುಹಿಡಿಯುತ್ತಾರೆ. ನಮ್ಮಲ್ಲಿ ಪಕ್ಕದ ತಂಡದ ಮಾತಿಗೆ ಕಿವಿ ಕೊಟ್ಟರೆ ಸಾಕು.

ಕೊನೇ ಪ್ರಶ್ನೆ: ಅತಿ ಹೆಚ್ಚು ಚಂದ್ರರಿರುವ ಗ್ರಹ ಯಾವುದು? ನಾನು ಬಾಯಿ ತೆರೆಯುವ ಮೊದಲೇ ಅತ್ತೆ ‘ಶನಿ’ ಅಂದರು. ಇವರಿಗೆ ಸಾಡೇಸಾತಿ ನಡೆಯುತ್ತಿದೆ ಅಂತ ಜೋಯಿಸರು ಹೇಳಿದಾಗಿನಿಂದ ಅತ್ತೆಯ ಬಾಯಲ್ಲಿ ಎಲ್ಲದಕ್ಕೂ ಅದೇ ಉತ್ತರ. ಮೇಷ್ಟ್ರು ನೋಟ್‌ಬುಕ್ ನೋಡಿ ‘ತಪ್ಪು, ಗುರು’ ಅಂದರು. ಆಗ ರಾಯರ ಮೊಮ್ಮಗಳೇ ಎದ್ದಳು. ‘ತಾತ, ಶನಿನೇ. 2025ರಲ್ಲಿ ಇನ್ನೂ 128 ಸಿಕ್ಕಿತು. ಅಲ್ಲಿಗೆ 274 ಆಯಿತು.’ ಮೊಬೈಲ್ ತೆಗೆದು ತೋರಿಸಿದಳು. ‘ನನ್ನ ಪುಸ್ತಕದಲ್ಲಿ ಗುರು ಅಂತಲೇ ಇದೆ’ ಅಂದರು ಮೇಷ್ಟ್ರು. ‘ನನ್ನ ಪುಸ್ತಕದಲ್ಲೂ ಇಪ್ಪತ್ತೇ ಜಿಲ್ಲೆ ಇತ್ತು ಮೇಷ್ಟ್ರೇ’ ಅಂದೆ. ಅವರು ಪೆನ್ ತೆಗೆದು, ಗುರುವಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಶನಿ ಅಂತ ಬರೆದುಕೊಂಡರು. ರಾಯರು ಮೊಮ್ಮಗಳನ್ನು ನೋಡಿದ ನೋಟದಲ್ಲಿ ಆ ವಾರದ ಐಸ್‌ಕ್ರೀಂ ಕ್ಯಾನ್ಸಲ್ ಆಗಿತ್ತು.

ಎರಡೂ ತಂಡ ಸಮ. ಬಹುಮಾನ ಒಂದೇ: ರೇಷ್ಮೆ ಹುಳು ಸಾಕುವ ಬಗ್ಗೆ ದಪ್ಪನೆಯ ಪುಸ್ತಕ.

‘ಹಿರಿಯರಿದ್ದಾರೆ, ನೀವೇ ಇಟ್ಕೊಳ್ಳಿ’ ಅಂದರು ರಾಯರು.

‘ಛೆ ಛೆ, ಓದುವ ಮಗು ಇದೆ, ನೀವೇ ತಗೊಳ್ಳಿ’ ಅಂದರು ನಮ್ಮನೆಯವರು.

ಪುಸ್ತಕ ಆ ಕಡೆ ಈ ಕಡೆ ಓಡಾಡಿತು. ಕೊನೆಗೆ ಅತ್ತೆಯೇ ಅದನ್ನು ತೆಗೆದುಕೊಂಡರು. ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡಿದರು.

‘ಅಕ್ಷರ ದಪ್ಪಗಿದೆ, ನನಗಿರಲಿ. ಮೇಷ್ಟ್ರೇ, ಮುಂದಿನ ವಾರ ಇದರಿಂದಲೇ ನಾಲ್ಕು ಪ್ರಶ್ನೆ ಕೇಳಿಬಿಡಿ.’