ಬಿಪಿ ಚೀಟಿಯಲ್ಲಿ ಗೊರಕೆಗೆ ಜಾಗವೇ ಇಲ್ವಾ?

ಇವತ್ತು ನಮ್ಮ ಔಷಧಿ ಅಂಗಡಿಯಲ್ಲಿ ತಲೆ ಕೆಟ್ಟುಹೋಯ್ತು. ಬರೆಯದೆ ಇದ್ದರೆ ನನ್ನ ಬಿಪಿಯೇ ಏರುತ್ತೆ.

ಹರಿಹರದ ಕಡೆಯ ಗಂಡ ಹೆಂಡತಿ ಬಂದಿದ್ದರು. ಚೀಟಿಯಲ್ಲಿ ಟೆಲ್ಮಿಸಾರ್ಟಾನ್, ಅಮ್ಲೋಡಿಪಿನ್, ಕ್ಲೋರ್ಥಾಲಿಡೋನ್ ಅಂತ ಮೂರು ಬಿಪಿ ಮಾತ್ರೆ ಮೊದಲೇ ಇತ್ತು. ಈ ಸಲ ನಾಲ್ಕನೆಯದು ಸೇರಿದೆ. ಕೆಳಗೆ ರಾತ್ರಿಗೆ ಅಂತ ನಿದ್ದೆ ಮಾತ್ರೆ ಬೇರೆ. ನಾನು ಸ್ಟ್ರಿಪ್ ಕತ್ತರಿಸೋಷ್ಟರಲ್ಲಿ ಯಜಮಾನರು ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸ್ತಿದ್ದಾರೆ. ಬೆಳಗ್ಗೆ 11 ಗಂಟೆಗೆ!

"ಇವರಿಗೆ ರಾತ್ರಿ ನಿದ್ದೆ ಬರಲ್ವೇನಮ್ಮಾ?"

"ನಿದ್ದೆ ಬರದೆ ಇರೋದು ನನಗೆ ಅಣ್ಣಾ. ತಲೆ ಇಟ್ಟರೆ ಗೊರಕೆ. ಹೊಡೀತಾ ಹೊಡೀತಾ ಒಂದೊಂದ್ಸಲ ಉಸಿರೇ ನಿಂತುಬಿಡುತ್ತೆ. ಅಲ್ಲಾಡಿಸಿ ಎಬ್ಬಿಸ್ತೀನಿ."

"ಡಾಕ್ಟ್ರಿಗೆ ಹೇಳಿದ್ರಾ?"

"ಅವರು ಕೇಳಿದ್ರೆ ತಾನೇ?"

ಇದೇ ನನ್ನ ಸಿಟ್ಟು. ಉಪ್ಪು ಕಮ್ಮಿ ಮಾಡಿ ಅಂತಾರೆ. ಮಿರ್ಚಿ ಮಂಡಕ್ಕಿ ಬಿಡಿ ಅಂತಾರೆ. ದಾವಣಗೆರೆಯವನಿಗೆ ಹೇಳೋ ಮಾತಾ ಅದು! ಇರಲಿ, ಉಪ್ಪಿನ ಮಾತು ಸರಿಯೇ. ಆದರೆ ಗೊರಕೆ ಹೊಡೀತೀರಾ ಅಂತ ಒಂದು ಮಾತು ಕೇಳೋಕೆ ಏನು ರೋಗ?

ಮೂತ್ರ ಜಾಸ್ತಿ ಹೋಗಿಸೋ ಮಾತ್ರೆ ಸೇರಿ ಮೂರು ಬಗೆಯದನ್ನ ಸರಿಯಾದ ಡೋಸ್‌ನಲ್ಲಿ ತಗೊಂಡರೂ ಬಿಪಿ ಹಿಡಿತಕ್ಕೆ ಬರದೆ ಇದ್ದರೆ ಅದಕ್ಕೆ ರೆಸಿಸ್ಟೆಂಟ್ ಹೈಪರ್‌ಟೆನ್ಷನ್ ಅಂತಾರೆ. ಅಂಥವರಲ್ಲಿ ಸ್ಲೀಪ್ ಅಪ್ನಿಯಾ ತುಂಬಾ ಸಾಮಾನ್ಯ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ತೋಟದ ಪೈಪು ಮಡಚಿಕೊಂಡ ಹಾಗೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ಆಕ್ಸಿಜನ್ ಇಳಿಯುತ್ತೆ. ಮೆದುಳು ಗಾಬರಿಬಿದ್ದು ಅರ್ಧ ಎಬ್ಬಿಸುತ್ತೆ, ಬಿಪಿ ಸರ್ರನೆ ಏರುತ್ತೆ. ಜೋರಾಗಿ ಇರೋರಿಗೆ ಇದು ಗಂಟೆಗೆ 30ಕ್ಕೂ ಜಾಸ್ತಿ ಸಲ. ರಾತ್ರಿ ಹೊತ್ತು ಬಿಪಿ ಹಗಲಿಗಿಂತ ಶೇ. 10ರಿಂದ 20 ಇಳಿಯಬೇಕು. ಇವರಲ್ಲಿ ಬಹಳ ಜನಕ್ಕೆ ಇಳಿಯೋದೇ ಇಲ್ಲ. ಇದರ ಮೇಲೆ ನಿದ್ದೆ ಮಾತ್ರೆ! ಅದರಲ್ಲಿ ಕೆಲವು ಗಂಟಲನ್ನ ಇನ್ನಷ್ಟು ಸಡಿಲ ಮಾಡ್ತವೆ. ಭೇಷ್.

ಕೇಳೋಕೆ ದುಡ್ಡು ಬೇಕಾ? ಜೋರು ಗೊರಕೆ, ಹಗಲು ತೂಕಡಿಕೆ, ಉಸಿರು ನಿಂತಿದ್ದನ್ನ ಯಾರಾದ್ರೂ ನೋಡಿದ್ದು, ಬಿಪಿ, ತೂಕ, 50 ದಾಟಿದ ವಯಸ್ಸು, 40 ಸೆಂಟಿಮೀಟರ್ ಮೀರಿದ ಕುತ್ತಿಗೆ, ಗಂಡಸು. ಅನುಮಾನ ಬರೋಕೆ ಇಷ್ಟು ಸಾಕು. ಕುತ್ತಿಗೆ ಅಳೆಯೋ ಟೇಪು ಎಲ್ಲ ಟೈಲರ್ ಹತ್ರಾನೂ ಇದೆ. ಆಮೇಲೆ ನಿದ್ದೆ ಪರೀಕ್ಷೆ. ನಮ್ಮ ಊರಲ್ಲಿ ಎರಡೆರಡು ಮೆಡಿಕಲ್ ಕಾಲೇಜು ಇಟ್ಕೊಂಡು ಈ ಗತಿ.

ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋ ಸಿಪ್ಯಾಪ್ ಮಷೀನ್ ಹಾಕಿದ್ರೂ ಬಿಪಿ ಎರಡು ಮೂರು ಪಾಯಿಂಟ್ ಇಳಿಯುತ್ತೆ ಅಷ್ಟೇ ಅನ್ನೋ ಬುದ್ಧಿವಂತರು ಈಗ ಬರ್ತಾರೆ. ಹೌದು ಸ್ವಾಮಿ. ಸ್ಪೇನ್‌ನಲ್ಲಿ ಮಾತ್ರೆಗೆ ಬಗ್ಗದ ಬಿಪಿ, ಸ್ಲೀಪ್ ಅಪ್ನಿಯಾ ಎರಡೂ ಇದ್ದ 194 ಜನರ ಮೇಲೆ 12 ವಾರ ನೋಡಿ 2013ರಲ್ಲಿ ಪ್ರಕಟಿಸಿದರು. 24 ಗಂಟೆಯ ಸರಾಸರಿ ಬಿಪಿ, ಮಷೀನ್ ಹಾಕದವರಿಗಿಂತ ಸುಮಾರು 3 ಪಾಯಿಂಟ್ ಜಾಸ್ತಿ ಇಳಿದಿತ್ತು. ಮಾಸ್ಕ್ ಜಾಸ್ತಿ ಹೊತ್ತು ಹಾಕಿದವರಿಗೆ ಜಾಸ್ತಿ ಇಳಿದಿತ್ತು ಅನ್ನೋದನ್ನ ಮಾತ್ರ ನೀವು ನುಂಗಿಬಿಡ್ತೀರಿ. ಮಾತ್ರೆ ಬಿಡಿ ಅಂತ ಯಾರೂ ಹೇಳ್ತಿಲ್ಲ. ಹಗಲು ಲಾರಿ ಓಡಿಸೋನು ಸ್ಟೀರಿಂಗ್ ಮೇಲೆ ತೂಕಡಿಸದೆ ಇದ್ದರೆ ಅದು ಯಾವ ಪಾಯಿಂಟಿಗೆ ಬರುತ್ತೆ? ದುಡ್ಡಿನ ಮಾತು ಒಪ್ತೀನಿ. ಮಷೀನಿಗೆ 30-40 ಸಾವಿರ ಅಂದ್ರೆ ಬಡವರಿಗೆ ಸುಲಭ ಅಲ್ಲ. ತೂಕ ಇಳಿಸೋದು, ರಾತ್ರಿ ಎಣ್ಣೆ ಹೊಡೆಯೋದು ಬಿಡೋದು, ಮಗ್ಗುಲಾಗಿ ಮಲಗೋದಕ್ಕೆ ದುಡ್ಡು ಬೇಡ. ಆದರೆ ಅದನ್ನಾದ್ರೂ ಹೇಳ್ಬೇಕಲ್ಲ, ಕೇಳಿದ್ರೆ ತಾನೇ ಹೇಳೋದು!

ಇಷ್ಟು ಹಾರಾಡ್ತೀನಲ್ಲ, ನಾನೂ ಮುಖಕ್ಕೆ ಮಾಸ್ಕ್ ಹಾಕ್ಕೊಂಡೇ ಮಲಗೋದು. ಮದುವೆಗೆ ಬಂದ್ರೆ ಛತ್ರದಲ್ಲಿ ಉಳಿಯದೆ ರಾತ್ರೋರಾತ್ರಿ ಓಡಿಹೋಗ್ತಾನೆ, ಜಂಬ ಅಂತ ನೆಂಟರು ಆಡ್ಕೊಳ್ತಾರೆ. ಜಂಬ ಅಲ್ಲ ಮಾರಾಯ್ರೆ, ಮಷೀನ್. ಅಂಗಡಿ ಹುಡುಗರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು, ನಾಳೆ ನಗಲಿ.

ಆ ಅಮ್ಮನಿಗೆ ಬಿಪಿ ಮಾತ್ರೆ ಎಲ್ಲಾ ಕೊಟ್ಟೆ. ನಿದ್ದೆ ಮಾತ್ರೆ ಕೊಡಲಿಲ್ಲ. ರಾತ್ರಿ ಮೊಬೈಲ್‌ನಲ್ಲಿ ಗೊರಕೆ ವಿಡಿಯೋ ಮಾಡಿ, ಡಾಕ್ಟ್ರ ಟೇಬಲ್ ಮೇಲೆ ಸೌಂಡ್ ಜೋರು ಮಾಡಿ ಇಡಿ, ಅವರು ನೋಡಿ ಆಮೇಲೂ ಬೇಕು ಅಂದ್ರೆ ಬನ್ನಿ ಅಂದೆ. ಯಜಮಾನರಿಗೆ ಅಷ್ಟೊತ್ತಿಗೆ ಎಚ್ಚರ ಆಗಿತ್ತು. "ನಾನೆಲ್ಲಿ ಗೊರಕೆ ಹೊಡೀತೀನಿ?" ಅಂತ ನನ್ನ ಮೇಲೇ ರೇಗಿದರು.