ಅಪ್ಪನ ಗೆಳೆಯರ ನಂಬರ್ ನಿಮ್ಮ ಫೋನಲ್ಲಿದೆಯಾ?

"ಅಪ್ಪ ಅಮ್ಮನ್ನ ಊರಲ್ಲೇ ಬಿಟ್ಟಿದ್ದೀರಾ? ಬೆಂಗಳೂರಿಗೆ ಕರ್ಕೊಂಡು ಬಂದು ಜೊತೇಲಿಟ್ಕೋಬಾರದಾ?" ಮದುವೆ ಮನೆ, ಗೃಹಪ್ರವೇಶ, ಆಫೀಸಿನ ಊಟದ ಟೇಬಲ್ಲು, ಎಲ್ಲಿ ಹೋದರೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ನನಗೇನೂ ಬೇಜಾರಿಲ್ಲ. ಆದರೆ ಇದಕ್ಕೆ ಎರಡು ಮಾತಲ್ಲಿ ಉತ್ತರ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮಪ್ಪ ಅಮ್ಮ ಇರುವುದು ತಿಪಟೂರಲ್ಲಿ. ಬೆಂಗಳೂರಿಂದ ಸುಮಾರು 140 ಕಿಲೋಮೀಟರ್. ನಾವು ಕರೆದಿದ್ದೇವೆ, ಈಗಲೂ ಕರೆಯುತ್ತೇವೆ. ಬರುತ್ತಾರೆ, ಒಂದಷ್ಟು ದಿನ ಇದ್ದು ಹೋಗುತ್ತಾರೆ. ಅವರು ಅಲ್ಲೇ ಇರಲು ಕಾರಣ ಮನೆಯಲ್ಲ, ತೋಟವೂ ಅಲ್ಲ. ತೋಟವನ್ನು ಗುತ್ತಿಗೆಗೆ ಕೊಡಬಹುದು, ಮನೆಗೆ ಬೀಗ ಹಾಕಬಹುದು. ಅವರ ಗೆಳೆಯರು ಅಲ್ಲಿದ್ದಾರೆ. ನನ್ನ ಮಟ್ಟಿಗೆ ಈ ಕಾರಣ ಸಾಕು. ಬಿಪಿ ಮಾತ್ರೆಯಷ್ಟೇ ಮುಖ್ಯವಾದ ಕಾರಣ ಇದು ಅಂತ ನಾನು ನಂಬಿದ್ದೇನೆ.

ಅಪ್ಪನ ಬೆಳಗ್ಗೆ ಹೇಗಿರುತ್ತದೆ ಹೇಳುತ್ತೇನೆ. ಹಾಲು ತಂದಿಟ್ಟು, ಕಾಫಿ ಕುಡಿದು, ಟಿವಿಎಸ್ ಹತ್ತಿ ಮಾರ್ಕೆಟ್ ಕಡೆ ಹೊರಡುತ್ತಾರೆ. ಅಲ್ಲೊಂದು ಟೈಲರ್ ಅಂಗಡಿ ಇದೆ. ಅಂಗಡಿ ತೆಗೆಯುವ ಹೊತ್ತಿಗೂ ಮುಂಚೆ ಅದರ ಮುಂದಿನ ಬೆಂಚಿನ ಮೇಲೆ ಮೇಷ್ಟ್ರು ಕೂತಿರುತ್ತಾರೆ. ಮೇಷ್ಟ್ರು ಅಂದರೆ ರಿಟೈರಾದ ಹೈಸ್ಕೂಲು ಮೇಷ್ಟ್ರು, ಅಪ್ಪನ ಜೊತೆ ಓದಿದವರು. ಇಬ್ಬರಿಗೂ ಸೇರಿ ಒಂದೇ ಪೇಪರ್. ಮೇಷ್ಟ್ರು ಒಳಗಿನ ಹಾಳೆ ತೆಗೆದುಕೊಂಡು ಮೊದಲು ನಿಧನದ ಕಾಲಂ ನೋಡುತ್ತಾರೆ. ಗೊತ್ತಿದ್ದವರ ಹೆಸರಿದ್ದರೆ ಜೋರಾಗಿ ಓದುತ್ತಾರೆ. ಅಪ್ಪ ಹೊರಗಿನ ಹಾಳೆ ಮುಗಿಸಿ ಕೈ ಚಾಚುತ್ತಾರೆ, ಹಾಳೆ ಅದಲು ಬದಲಾಗುತ್ತದೆ. ಒಂದು ಮಾತೂ ಬೇಕಾಗಲ್ಲ ಅದಕ್ಕೆ. ಆಮೇಲೆ ಬೈ ಟೂ ಕಾಫಿ. ಆಮೇಲೆ ಕೊಬ್ಬರಿ ರೇಟು.

ತಿಪಟೂರಿನವರಿಗೆ ಕೊಬ್ಬರಿ ರೇಟಿನ ಮಾತು ಮುಗಿಯುವುದೇ ಇಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತಿರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಸುಲಿಸಿದ ಮೇಲೂ ಈಗ ಕೊಡೋದಾ, ಇನ್ನೊಂದು ಹದಿನೈದು ದಿನ ಕಾಯೋದಾ ಅನ್ನುವ ಲೆಕ್ಕ. ಮೇಷ್ಟ್ರಿಗೆ ಒಂದು ಮರವೂ ಇಲ್ಲ. ಆದರೂ ದಿನಾ ಕೇಳುತ್ತಾರೆ, "ಏನಂತೋ ಇವತ್ತು ಕ್ವಿಂಟಾಲಿಗೆ?" ಅಪ್ಪ ಹೇಳುತ್ತಾರೆ. "ಇನ್ನೂ ಏರುತ್ತೆ, ತಡಿಯೋ" ಅಂತಾರೆ ಮೇಷ್ಟ್ರು. ಮಗ, ಮಗಳು, ಸೊಸೆ, ಅಳಿಯ ಯಾರೂ ಅಪ್ಪನನ್ನು ಹೀಗೆ "ಲೋ" ಅಂತ ಮಾತಾಡಿಸೋಕಾಗಲ್ಲ. ನಾವೆಲ್ಲ ಎಷ್ಟೇ ಪ್ರೀತಿ ಮಾಡಿದರೂ ಆ ಜಾಗ ನಮ್ಮದಲ್ಲ.

ಇದನ್ನು ನಾನು ಭಾವುಕವಾಗಿ ಹೇಳುತ್ತಿಲ್ಲ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಮಾತಾಡುವ ಸರ್ಕಾರದ ಮುಖ್ಯ ವೈದ್ಯ ಆಗಿದ್ದ ಡಾ. ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಜನರ ಒಡನಾಟ ಇಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದುವಷ್ಟು ಆಯಸ್ಸಿಗೆ ಕೆಟ್ಟದ್ದು ಅಂತ ಆ ವರದಿ ಹೇಳಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷಯಕ್ಕೆ ಒಂದು ಆಯೋಗ ಮಾಡಿತು. 2025ರಲ್ಲಿ ಬಂದ ಅದರ ವರದಿ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ. ನಾವು ಅಪ್ಪಂದಿರ ಸಿಗರೇಟು ಬಿಡಿಸೋಕೆ ಎಷ್ಟು ಜಗಳ ಆಡಿದ್ದೇವೆ! ಅದೇ ಅಪ್ಪಂದಿರಿಗೆ ಊರು ಬಿಡಿಸಿ, ಇದ್ದಬದ್ದ ಗೆಳೆಯರನ್ನೆಲ್ಲ ಒಂದೇ ದಿನದಲ್ಲಿ ಬಿಡಿಸಿಬಿಡುತ್ತೇವೆ.

ಕಾನೂನಿನಲ್ಲೂ ಇದಕ್ಕೆ ಜಾಗ ಇಲ್ಲ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತ 2007ರಲ್ಲಿ ಕೇಂದ್ರದ ಕಾಯ್ದೆ ಬಂತು. ಪೋಷಣೆ ಅಂದರೆ ಏನೇನು ಅಂತ ಅದರಲ್ಲಿ ಹೇಳಿದ್ದಾರೆ: ಊಟ, ಬಟ್ಟೆ, ವಾಸ, ವೈದ್ಯಕೀಯ ಆರೈಕೆ. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸುವ ಅವಕಾಶವಿದೆ. ಬಹಳ ಒಳ್ಳೆಯ ಕಾಯ್ದೆ, ಬೇಕೇ ಬೇಕಾಗಿತ್ತು. ಗೆಳೆತನವನ್ನು ಕಾನೂನು ಕೊಡಿಸೋಕಾಗಲ್ಲ, ಅದು ಅದರ ಕೆಲಸವೂ ಅಲ್ಲ. ಆದರೆ ಮಕ್ಕಳಾದ ನಾವೂ ಆ ನಾಲ್ಕೇ ವಿಷಯಕ್ಕೆ ನಿಂತುಬಿಟ್ಟರೆ ಹೇಗೆ?

ನಮ್ಮ ಅಪಾರ್ಟ್‌ಮೆಂಟಲ್ಲಿ ಗದಗದ ಕಡೆಯ ಒಬ್ಬ ಹಿರಿಯರಿದ್ದಾರೆ. ಮಗ ಸೊಸೆ ಚಿನ್ನದಂಥವರು. ಅವರಿಗೆ ಬೇರೆ ರೂಮು, ಬೇರೆ ಟಿವಿ, ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ. ಸಂಜೆ ಕೆಳಗೆ ಬಂದು ಮಕ್ಕಳು ಆಡುವ ಜಾಗದ ಪಕ್ಕ ಕೂರುತ್ತಾರೆ. ಸೆಕ್ಯುರಿಟಿ ಹುಡುಗ ಅಸ್ಸಾಮಿನವನು. ಇವರ ಮಾತು ಅವನಿಗೆ ಬಾರದು, ಅವನ ಮಾತು ಇವರಿಗೆ ಬಾರದು. ಇಬ್ಬರೂ ಕೈಸನ್ನೆ ಮಾಡಿಕೊಂಡು ನಗುತ್ತಾರೆ. ಮೊದಲ ಸಲ ನಾನು ನಮಸ್ಕಾರ ಅಂದಾಗ ಅವರು ಕೇಳಿದ್ದು, "ನಿಮ್ಮ ಕಡೆ ಮಳಿ ಆತೇನ್ರಿ?" ನಾನು ತಿಪಟೂರಿನ ಮಳೆ ಹೇಳಿದೆ, ಅವರು ಹೆಸರು ಬಿತ್ತಿದ್ದು, ಮಳೆ ಕೈಕೊಟ್ಟಿದ್ದು, ಎಲ್ಲ ಹೇಳಿದರು. ಅಷ್ಟು ಮಾತು ಅವರೊಳಗೆ ಕೂಡಿತ್ತು. ಮಗನ ಹತ್ತಿರ ಮಳೆ ವಿಷಯ ಎಷ್ಟು ಅಂತ ಮಾತಾಡುತ್ತಾರೆ? ಅವನಿಗೆ ಬೆಳಗ್ಗೆ ಎಂಟಕ್ಕೆ ಕ್ಯಾಬ್ ಬಂದು ನಿಂತಿರುತ್ತದೆ.

ಅಮ್ಮಂದಿರ ಕಥೆ ಬೇರೆ. ಅಪ್ಪನ ತಲೆಮಾರಿನ ಗಂಡಸರಿಗೆ ಗೆಳೆಯರು ಊರಲ್ಲೇ ಉಳಿದರು. ಅಮ್ಮಂದಿರ ಗೆಳತಿಯರು ಮದುವೆಯ ದಿನವೇ ಚೆಲ್ಲಾಪಿಲ್ಲಿಯಾದರು. ಒಬ್ಬಳು ಒಂದೂರಿಗೆ, ಇನ್ನೊಬ್ಬಳು ಇನ್ನೊಂದೂರಿಗೆ. ನೋಡಬೇಕು ಅಂದರೆ ಮದುವೆ ಆಗಬೇಕು, ಇಲ್ಲ ಸಾವಾಗಬೇಕು. ಸುಮ್ನೆ ಗೆಳತಿಯನ್ನು ನೋಡಿ ಬರುತ್ತೇನೆ ಅಂತ ಗಂಡನ ಹತ್ತಿರ ಬಸ್ ಚಾರ್ಜು ಕೇಳುವ ಧೈರ್ಯ ಆ ಕಾಲದ ಎಷ್ಟು ಹೆಂಗಸರಿಗಿತ್ತು?

ನಮ್ಮಮ್ಮನ ಗೆಳತಿ ಇರುವುದು ತುರುವೇಕೆರೆಯಲ್ಲಿ. ಅಷ್ಟೇನೂ ದೂರವಲ್ಲ. ಆದರೂ ನಾನು ಚಿಕ್ಕವನಿದ್ದಾಗ ಅವರು ನಮ್ಮ ಮನೆಗೆ ಬಂದಿದ್ದು ನೆನಪಿಲ್ಲ, ಅಮ್ಮ ಅವರ ಮನೆಗೆ ಹೋಗಿದ್ದೂ ನೆನಪಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಆಮೇಲೆ ಅಮ್ಮ ಆಧಾರ್ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ಹೋಗತೊಡಗಿದಳು. ಫ್ರೀ ಬಸ್ಸಿನ ಬಗ್ಗೆ ಜನ ಏನೇನೋ ಮಾತಾಡುತ್ತಾರೆ. ರಾಜಕೀಯ ನನಗೆ ಬೇಡ. ನಮ್ಮಮ್ಮ ಬೆಳಗ್ಗೆ ತಿಂಡಿ ಮುಗಿಸಿ ಹೋಗಿ, ಗೆಳತಿಯ ಜೊತೆ ಕೂತು ಹುಣಸೆಹಣ್ಣು ಜಜ್ಜಿ, ಬೀಜ ತೆಗೆದು, ನಾರು ಬಿಡಿಸಿ, ಅರ್ಧ ಕೆಜಿ ಚೀಲಕ್ಕೆ ಹಾಕಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್ ಬರುತ್ತಾಳೆ. ಅವತ್ತು ಅವಳ ಮುಖ ನೋಡಬೇಕು. ಒಮ್ಮೆ ನಾನೂ ಕರೆಯಲು ಹೋಗಿದ್ದೆ. ಒಳಗಿಂದ ಕೇಳಿಸಿತು, "ಹೋಗೇ, ನಿನಗೇನೇ ಗೊತ್ತು!" ನಮ್ಮಮ್ಮನಿಗೆ ಹಾಗೆ ಹೇಳುವವರು ಈ ಭೂಮಿ ಮೇಲೆ ಇನ್ನೂ ಒಬ್ಬರಿದ್ದಾರೆ ಅಂತ ತಿಳಿದು ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಹಿರಿಯರಿಗೆ ಕೆಎಸ್‌ಆರ್‌ಟಿಸಿ ಟಿಕೆಟಿನಲ್ಲಿ 25 ಪರ್ಸೆಂಟ್ ರಿಯಾಯಿತಿ ಇದೆ, ಅದು ಬಹಳ ಉಪಕಾರ. ರೈಲಿನಲ್ಲಿ ಗಂಡಸರಿಗೆ 40, ಹೆಂಗಸರಿಗೆ 50 ಪರ್ಸೆಂಟ್ ಇದ್ದದ್ದು 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ನಿಂತುಹೋಯಿತು. ಅದು ವಾಪಸ್ ಬರಲೇಬೇಕು. ವಯಸ್ಸಾದವರು ರೈಲು ಹತ್ತುವುದು ಆಸ್ಪತ್ರೆಗೆ, ತೀರ್ಥಯಾತ್ರೆಗೆ ಅಂತ ಮಾತ್ರ ನಾವು ಅಂದುಕೊಂಡಿದ್ದೇವೆ. ಒಬ್ಬರನ್ನೊಬ್ಬರು ನೋಡೋಕೂ ಹತ್ತುತ್ತಾರೆ.

ಇನ್ನು ಒಂದು ವಿಷಯ. ಇದನ್ನು ಹೇಳಲೇಬೇಕು.

ಅಪ್ಪನ ಗೆಳೆಯರು ತೀರಿಕೊಂಡರೆ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಹೇಳುವುದಿಲ್ಲ. "ಬಿಪಿ ಇದೆ, ಶಾಕ್ ಆಗುತ್ತೆ. ಕಾರ್ಯ ಎಲ್ಲ ಮುಗೀಲಿ, ಆಮೇಲೆ ನಿಧಾನಕ್ಕೆ ಹೇಳೋಣ." ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ, ಗೊತ್ತು. ಆದರೆ ನಾನು ಇದನ್ನು ಒಪ್ಪುವುದಿಲ್ಲ. ಐವತ್ತು ವರ್ಷದ ಗೆಳೆಯನ ಮುಖ ಕೊನೆಯ ಸಲ ನೋಡುವುದು ಬೇಕೋ ಬೇಡವೋ ಅಂತ ತೀರ್ಮಾನ ಮಾಡೋಕೆ ನಾವು ಯಾರು?

ಆ ಬೆಂಚಿನ ಅಂಗಡಿಯ ಟೈಲರ್ ಮಾವ, ಅಪ್ಪನ ಇನ್ನೊಬ್ಬ ಗೆಳೆಯ, ತೀರಿಕೊಂಡಾಗ ಅಪ್ಪ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದರು. ಫೋನ್ ಮಾಡಿದವರು ಮೇಷ್ಟ್ರು, ಮಾಡಿದ್ದು ನನಗೆ. "ನಿಮ್ಮಪ್ಪನಿಗೆ ನೀನೇ ಹೇಳಪ್ಪ, ನನ್ನ ಕೈಲಿ ಆಗಲ್ಲ" ಅಂದರು. ನಾನೂ ಅವತ್ತು ಮೈಸೂರಲ್ಲೇ ಇದ್ದೆ. ಅಕ್ಕನಿಗೆ ಹೆದರಿಕೆ. ಭಾವ ಬೇಡ ಅಂದರು. ನಾನು ಅಪ್ಪನ ಪಕ್ಕ ಕೂತು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಅಂಗಿ ಹಾಕಿಕೊಂಡರು. "ಹೋಗೋಣ" ಅಂದರು, ಅಷ್ಟೇ. ಕೆ.ಆರ್. ಪೇಟೆ, ಕಿಕ್ಕೇರಿ, ಚನ್ನರಾಯಪಟ್ಟಣ, ನುಗ್ಗೇಹಳ್ಳಿ. ದಾರಿಯುದ್ದಕ್ಕೂ ಅಪ್ಪ ಟೈಲರ್ ಮಾವನ ವಿಷಯ ಹೇಳುತ್ತಾ ಬಂದರು. ಅಪ್ಪನ ಮದುವೆಯ ಸೂಟು ಅವರೇ ಹೊಲಿದಿದ್ದಂತೆ, ದುಡ್ಡು ತಗೊಳ್ಳಲಿಲ್ಲವಂತೆ. ನನ್ನ ಸ್ಕೂಲ್ ಯೂನಿಫಾರಂ ಚಡ್ಡಿಗೆ ಎರಡಿಂಚು ಬಟ್ಟೆ ಜಾಸ್ತಿ ಒಳಗೆ ಮಡಿಚಿ ಹೊಲಿಯುತ್ತಿದ್ದರಂತೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿಕೊಡೋಕೆ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅಪ್ಪ ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿ ಅತ್ತರು, ನಿಜ. ಮೇಷ್ಟ್ರು ಅಪ್ಪನ ಕೈ ಹಿಡಿದುಕೊಂಡೇ ಇದ್ದರು. ಮಣ್ಣು ಹಾಕಿ ಬಂದು, ಸ್ನಾನ ಮಾಡಿ, ರಾತ್ರಿ ಒಂದು ಮುದ್ದೆ ಉಂಡು ಮಲಗಿದರು. ಬಿಪಿ ನೋಡಿದೆವು, ಏನೂ ಆಗಿರಲಿಲ್ಲ. ದುಃಖ ಪಡುವುದು ಕಾಯಿಲೆಯಲ್ಲ. ಮುಚ್ಚಿಟ್ಟಿದ್ದರೆ ಇನ್ಯಾವತ್ತೋ ಯಾರ ಬಾಯಿಂದಲೋ ಕೇಳುತ್ತಿದ್ದರು, ಅದನ್ನು ಅವರು ಹೇಗೆ ತಡೆದುಕೊಳ್ಳುತ್ತಿದ್ದರೋ.

ಟೈಲರ್ ಮಾವನ ಮಗ ಅಂಗಡಿ ನಡೆಸುತ್ತಿದ್ದಾನೆ. ಬೆಂಚು ತೆಗೆದಿಲ್ಲ. ಆ ಹುಡುಗನಿಗೆ ನಾನು ಯಾವತ್ತೂ ಋಣಿ.

ನಮ್ಮ ತಲೆಮಾರಿನವರದ್ದು ನೋಡಿ. ನಮಗೂ ಗೆಳೆಯರಿದ್ದಾರೆ, ವಾಟ್ಸಾಪ್ ಗ್ರೂಪಿದೆ. "ಸಿಗೋಣ ಕಣೋ" ಅಂತ ಶುರುವಾದ ಮಾತು ವರ್ಷವಾದರೂ ಸಿಗೋಣ ಅಂತಲೇ ಇರುತ್ತದೆ. ಸಿಕ್ಕರೆ ದೊಡ್ಡ ಟ್ರಿಪ್ಪೇ ಆಗಬೇಕು, ರೆಸಾರ್ಟೇ ಆಗಬೇಕು. ಅಪ್ಪ ಮತ್ತು ಮೇಷ್ಟ್ರು ಜೊತೆಯಾಗಿ ಯಾವ ಟ್ರಿಪ್ಪಿಗೂ ಹೋದವರಲ್ಲ. ದಿನಾ ಅರ್ಧ ಗಂಟೆ ಪೇಪರ್ ಓದಿದರು, ಅರ್ಧ ಅರ್ಧ ಕಾಫಿ ಕುಡಿದರು, ಅಷ್ಟೇ. ಅವರಿಬ್ಬರ ಗೆಳೆತನ ಉಳಿದಿದ್ದು ಆ ಅಭ್ಯಾಸದಿಂದಲೇ ಅಂತ ನನಗನ್ನಿಸುತ್ತದೆ. ಅದಕ್ಕೇ ನಾನೂ ನನ್ನ ಒಬ್ಬ ಗೆಳೆಯನೂ ಈಗ ಮಂಗಳವಾರ ಬೆಳಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತೇವೆ. ವಿಶೇಷ ಏನೂ ಇರಬೇಕಾಗಿಲ್ಲ. ಮಂಗಳವಾರ ಆದರೆ ಸಾಕು.

ಎಲ್ಲರ ಅಪ್ಪ ಅಮ್ಮನೂ ಊರಲ್ಲೇ ಇರೋಕಾಗಲ್ಲ, ಅದು ನನಗೂ ಗೊತ್ತು. ಒಬ್ಬರೇ ಉಳಿದವರಿದ್ದಾರೆ, ಹಾಸಿಗೆ ಹಿಡಿದವರಿದ್ದಾರೆ, ಡಯಾಲಿಸಿಸ್‌ಗೆ ಹೋಗಬೇಕಾದವರಿದ್ದಾರೆ. ಕರೆದುಕೊಂಡು ಬರಲೇಬೇಕಾಗುತ್ತದೆ. ಆದರೆ ಕರೆದುಕೊಂಡು ಬರುವಾಗ ಅವರ ಫೈಲು, ಮಾತ್ರೆ ಡಬ್ಬಿ, ಕನ್ನಡಕದ ಜೊತೆ ಗೆಳೆಯರ ನಂಬರನ್ನೂ ಬರೆದುಕೊಳ್ಳಿ. ನಿಮ್ಮ ಫೋನಲ್ಲೂ ಸೇವ್ ಮಾಡಿ. ಭಾನುವಾರ ವಿಡಿಯೊ ಕಾಲ್ ಹಚ್ಚಿಕೊಟ್ಟು ನೀವು ಆ ಕಡೆ ಹೋಗಿ, ಅವರಿಗೂ ನಮ್ಮ ಮುಂದೆ ಹೇಳಲಾಗದ ಮಾತಿರುತ್ತವೆ. ಊರಿಗೆ ಹೋದಾಗ ನೆಂಟರ ಮನೆಗಳನ್ನೆಲ್ಲ ಸುತ್ತಿಸುತ್ತೀರಲ್ಲ, ಗೆಳೆಯರ ಮನೆಗೂ ಬಿಡಿ. ಒಂದು ಗಂಟೆಗಲ್ಲ, ಇಡೀ ದಿನಕ್ಕೆ. ಅಮ್ಮನಿಗೆ ಗೆಳತಿಯರೇ ಇಲ್ಲ ಅಂತ ಅಂದುಕೊಂಡಿದ್ದರೆ ಇನ್ನೊಂದು ಸಲ ಕೇಳಿ. ಶಾಲೆಗೆ ಯಾರ ಜೊತೆ ಹೋಗುತ್ತಿದ್ದೆ ಅಂತ ಕೇಳಿ. ಒಂದು ಹೆಸರು ಖಂಡಿತ ಹೊರಗೆ ಬರುತ್ತದೆ, ಆಮೇಲೆ ಹುಡುಕುವುದು ನಮ್ಮ ಕೆಲಸ.

ಈ ಸಲ ದೀಪಾವಳಿ ಕಳೆದ ಮೇಲೆ ಅಪ್ಪನ ಜೊತೆ ಮೇಷ್ಟ್ರನ್ನೂ ಒಂದು ವಾರ ನಮ್ಮ ಮನೆಗೆ ಕರೆದಿದ್ದೇನೆ. ಮೇಷ್ಟ್ರ ಮಂಡಿ ನೋವಿಗೆ ಇಲ್ಲೊಬ್ಬ ಡಾಕ್ಟರಿಗೆ ತೋರಿಸುವುದೂ ಇದೆ. ಲಾಲ್‌ಬಾಗ್ ನೋಡಬೇಕಂತೆ, ಗಾಂಧಿ ಬಜಾರಿನಲ್ಲಿ ದೋಸೆ ತಿನ್ನಬೇಕಂತೆ. ಹಾಲ್‌ನಲ್ಲಿ ಎರಡು ಹಾಸಿಗೆ ಹಾಕಿಸುತ್ತೇನೆ, ಇಬ್ಬರೂ ಒಂದೇ ಕಡೆ ಮಲಗಲಿ. ಒಂದು ವಾರಕ್ಕೆ ಪೇಪರ್ ಹಾಕೋಕೆ ಹುಡುಗನಿಗೆ ಹೇಳಿದ್ದಾಗಿದೆ. ಎರಡು ಹಾಕಲಾ ಅಂತ ಕೇಳಿದ. ಒಂದೇ ಸಾಕು ಅಂದಿದ್ದೇನೆ.