ಒಂದು ಅಪಾಯಿಂಟ್‌ಮೆಂಟಿನಿಂದ ಇನ್ನೊಂದರ ತನಕ

ಮಗುವಿನ ಮನಸ್ಸಿಗೆ ಕಾಯಿಲೆಯಾದಾಗ ಕರ್ನಾಟಕದ ತಂದೆತಾಯಿ ಮೊದಲು ಕೇಳುವುದು "ಯಾವ ಡಾಕ್ಟ್ರ ಹತ್ರ ಹೋಗೋದು?" ಅಂತ. ಇಲ್ಲಿ ಇಂಗ್ಲೆಂಡಿನಲ್ಲಿರುವ ನಮ್ಮವರು ಕೇಳುವುದು "ಇನ್ನೂ ಎಷ್ಟು ತಿಂಗಳು ಕಾಯೋದು?" ಅಂತ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಡಾಕ್ಟರು ಸಿಕ್ಕ ಮೇಲೂ ಅವರು ಮಗುವನ್ನು ನೋಡುವುದು ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ. ಉಳಿದ ದಿನಗಳನ್ನೆಲ್ಲ ನಡೆಸಬೇಕಾದವರು ಅಪ್ಪ ಅಮ್ಮ. ಆ ದಿನಗಳಲ್ಲಿ ಏನು ಮಾಡಬೇಕೆಂದು ಇಲ್ಲಿ ಬರೆದುಕೊಡುತ್ತಾರೆ, ಆದರೆ ಜೊತೆಗೆ ನಿಲ್ಲುವ ಜನ ಕಡಿಮೆ. ಅಲ್ಲಿ ಜನ ಇರುತ್ತಾರೆ, ಬರೆದುಕೊಡುವವರು ಕಡಿಮೆ. ಕೇಳಿ ಬರೆಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಜಿಪಿ (ಮನೆಮಂದಿಯ ಮಾಮೂಲಿ ಡಾಕ್ಟರು) ಅಥವಾ ಶಾಲೆಯವರು ಕ್ಯಾಮ್ಸ್‌ಗೆ, ಅಂದರೆ ಮಕ್ಕಳ ಮಾನಸಿಕ ಆರೋಗ್ಯ ಸೇವೆಗೆ, ಪತ್ರ ಬರೆಯುತ್ತಾರೆ. ಆ ಪತ್ರವನ್ನು ಒಪ್ಪದೆ ವಾಪಸ್ ಕಳಿಸುವುದೂ ಉಂಟು. "ಸಪ್ಪಗಿದ್ದಾನೆ, ಸ್ಕೂಲಿಗೆ ಹೋಗಲ್ಲ ಅಂತಾನೆ" ಎಂದಷ್ಟೇ ಇದ್ದರೆ ಓದುವವರಿಗೆ ತೀವ್ರತೆ ಗೊತ್ತಾಗುವುದಿಲ್ಲ. ಯಾವಾಗ ಶುರುವಾಯಿತು, ಕಳೆದ 4 ವಾರದಲ್ಲಿ ಎಷ್ಟು ದಿನ ಶಾಲೆ ತಪ್ಪಿತು, ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಹತ್ತುತ್ತದೆ, ಊಟ ಎಷ್ಟು ಇಳಿದಿದೆ, ಮೈಗೆ ಗಾಯ ಮಾಡಿಕೊಂಡಿದ್ದುಂಟೇ, ಇಷ್ಟಪಟ್ಟು ಮಾಡುತ್ತಿದ್ದ ಯಾವ ಕೆಲಸ ಬಿಟ್ಟುಹೋಗಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಜಿಪಿಗೆ ಕೊಡಿ, ಪತ್ರದ ಜೊತೆ ಲಗತ್ತಿಸಲು ಹೇಳಿ.

ಅದೇ ಪುಟ ಕರ್ನಾಟಕದ ಜಿಲ್ಲಾಸ್ಪತ್ರೆಯಲ್ಲೂ ಕೆಲಸಕ್ಕೆ ಬರುತ್ತದೆ. (ಬೆಂಗಳೂರಿಗೇ ಓಡಬೇಕೆಂದಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.) ಓಪಿಡಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಿಲ್ಲ, ಆದರೆ ಸಿಗುವುದು ಕೆಲವೇ ನಿಮಿಷ. "ಮೊದ್ಲು ಚೆನ್ನಾಗೇ ಇದ್ದ ಡಾಕ್ಟ್ರೇ" ಎನ್ನುವುದರಲ್ಲೇ ಅದು ಕಳೆದುಹೋಗಬಾರದು.

ನಮ್ಮವರಿಗೆ ಇಲ್ಲಿ ಮೊದಲು ಚುಚ್ಚುವುದು "ಸ್ವಲ್ಪ ಹೊತ್ತು ಹೊರಗೆ ಕೂತಿರಿ" ಎಂಬ ಮಾತು. ಮಗುವಿನ ಜೊತೆ ಡಾಕ್ಟರು ಒಬ್ಬರೇ ಮಾತಾಡುತ್ತಾರೆ, ಹೇಳಿದ್ದನ್ನು ಗುಟ್ಟಾಗಿಡುತ್ತಾರೆ, ಮಗುವಿಗೋ ಬೇರೆಯವರಿಗೋ ಗಂಭೀರ ಅಪಾಯವಿದ್ದರೆ ಮಾತ್ರ ತಂದೆತಾಯಿಗೆ ತಿಳಿಸುತ್ತೇವೆಂದು ಮೊದಲೇ ಹೇಳಿರುತ್ತಾರೆ. ವಿಷಯ ಅರ್ಥಮಾಡಿಕೊಳ್ಳುವಷ್ಟು ಬುದ್ಧಿ ಬಲಿತಿದ್ದರೆ 16 ತುಂಬದ ಮಗುವೂ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದೆಂದು ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1985ರಲ್ಲೇ ತೀರ್ಪು ಕೊಟ್ಟಿದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಮಗುವಿಗೆ ಕೇಳಿದ ಪ್ರಶ್ನೆಗೆ ಅಮ್ಮ ಉತ್ತರ ಕೊಡುತ್ತಾರೆ, ಅಪ್ಪ ತಿದ್ದುತ್ತಾರೆ, ಚಿಕ್ಕಪ್ಪ ಸೇರಿಸುತ್ತಾರೆ. ಹದಿನಾಲ್ಕು ವರ್ಷದ ಹುಡುಗಿ ಅಷ್ಟು ಜನರ ಮುಂದೆ ಏನು ತಾನೇ ಹೇಳಿಯಾಳು? "ಹತ್ತು ನಿಮಿಷ ಅವಳ ಹತ್ರ ಒಬ್ರೇ ಮಾತಾಡಿ" ಎಂದು ನೀವೇ ಡಾಕ್ಟರಿಗೆ ಹೇಳಿ. ಹೊರಬಂದ ಮೇಲೆ "ಏನು ಹೇಳ್ದೆ?" ಎಂದು ಕೆದಕಬೇಡಿ. ಹಾಗೆ ಕೆದಕಿದರೆ ಮುಂದಿನ ಸಲ ಒಳಗೂ ಬಾಯಿ ಬಿಡುವುದಿಲ್ಲ.

ಸಾವಿನ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎರಡೂ ಕಡೆ ಇದೆ. ಹಾಗಾಗುವುದಿಲ್ಲ. ಕೇಳಿದರೆ ಮಗುವಿನ ಎದೆಯ ಭಾರ ಇಳಿಯುವುದೇ ಹೆಚ್ಚು. ಕಣ್ಣಲ್ಲಿ ಕಣ್ಣಿಟ್ಟು ವಿಚಾರಣೆ ಮಾಡುವುದಕ್ಕಿಂತ ಪಕ್ಕಪಕ್ಕದಲ್ಲಿ ನಡೆಯುವಾಗಲೋ ಕಾರಿನಲ್ಲಿ ಹೋಗುವಾಗಲೋ ಕೇಳುವುದು ಸುಲಭ: "ತುಂಬಾ ಕಷ್ಟ ಆದಾಗ ಸತ್ತುಹೋಗ್ಬೇಕು ಅಂತ ಅನ್ನಿಸ್ತದಾ?" ಹೌದು ಎಂದರೆ "ನಾವು ನಿಂಗೇನು ಕಮ್ಮಿ ಮಾಡಿದ್ದೀವಿ" ಎನ್ನಬೇಡಿ. ಆ ಮಾತಿಗೆ ಮಗು ಕ್ಷಮೆ ಕೇಳಿ ಸುಮ್ಮನಾಗಿಬಿಡುತ್ತದೆ. "ಹೇಳಿದ್ದು ಒಳ್ಳೇದಾಯ್ತು. ಹೇಗೆ, ಯಾವಾಗ ಅಂತ ಏನಾದ್ರೂ ಯೋಚಿಸಿದೀಯಾ?" ಎಂದು ಮುಂದುವರಿಸಿ. ಹೇಗೆ ಎಂಬುದಕ್ಕೆ ಮಗುವಿನ ಹತ್ತಿರ ಉತ್ತರವಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಇಂಗ್ಲೆಂಡಿನಲ್ಲಿ 111ಕ್ಕೆ ಕರೆ ಮಾಡಿ ಮಾನಸಿಕ ಆರೋಗ್ಯದ ಆಯ್ಕೆ ಒತ್ತಿ, ಜೀವಕ್ಕೆ ತಕ್ಷಣದ ಅಪಾಯವಿದ್ದರೆ 999. ಕರ್ನಾಟಕದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ. ತಕ್ಷಣದ ಅಪಾಯಕ್ಕೆ 112, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಆತ್ಮಹತ್ಯೆಯ ಪ್ರಯತ್ನವನ್ನು ಡಾಕ್ಟರಿಂದ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಇಂಥ ಮಗುವಿಗೆ ಇಲ್ಲಿ ಸುರಕ್ಷತಾ ಯೋಜನೆಯೊಂದನ್ನು ಬರೆದುಕೊಡುತ್ತಾರೆ. ಒಂದೇ ಹಾಳೆ. ಕಷ್ಟ ಶುರುವಾಗುವ ಮುನ್ಸೂಚನೆಗಳು, ಆಗ ಮಗು ತಾನೇ ಮಾಡಬಹುದಾದ ಎರಡು ಮೂರು ಕೆಲಸ, ಯಾರಿಗೆ ಹೇಳುವುದು, ಯಾವ ನಂಬರಿಗೆ ಕರೆ ಮಾಡುವುದು, ಮನೆಯಲ್ಲಿ ಏನನ್ನು ಬೀಗದೊಳಗಿಡುವುದು. ಮಗುವಿನ ಮಾತಿನಲ್ಲೇ ಬರೆದಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಬೀಗದ ಸಾಲು ಬಲು ಮುಖ್ಯ. ಸಾಯುವ ತುಡಿತ ಉಕ್ಕಿ ಬಂದು ಇಳಿಯುವಂಥದ್ದು, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಬ್ರಿಟನ್ನಿನಲ್ಲಿ 1998ರಿಂದ ಪ್ಯಾರಾಸಿಟಮಾಲ್ ಪೊಟ್ಟಣದ ಗಾತ್ರಕ್ಕೇ ಮಿತಿ ಹಾಕಿದ್ದು ಇದಕ್ಕಾಗಿ: ಮಾಮೂಲಿ ಅಂಗಡಿಯಲ್ಲಿ 16, ಔಷಧಿ ಅಂಗಡಿಯಲ್ಲಿ 32 ಮಾತ್ರೆ. ನಮ್ಮ ಕಡೆ ಮನೆಯ ಹಿರಿಯರ ಬಿಪಿ, ಸಕ್ಕರೆ ಮಾತ್ರೆಗಳು ತೆರೆದ ಕಪಾಟಿನಲ್ಲಿರುತ್ತವೆ, ಬೆಳೆಗೆ ಹೊಡೆಯುವ ಔಷಧಿ ಕೊಟ್ಟಿಗೆಯಲ್ಲಿರುತ್ತದೆ. ಎಲ್ಲವಕ್ಕೂ ಬೀಗ ಹಾಕಿ, ಕೀ ಒಬ್ಬರ ಹತ್ತಿರ ಮಾತ್ರ ಇರಲಿ. ಔಷಧಿ ಹೊಲದಿಂದ ಮನೆಗೆ ಬರದೇ ಇದ್ದರೆ ಇನ್ನೂ ಒಳ್ಳೆಯದು.

ಖಿನ್ನತೆಗೆ ಮಾತ್ರೆ ಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ, ನಿದ್ದೆಗೇಡು, ಕೆಲವೊಮ್ಮೆ ಸಾವಿನ ಯೋಚನೆಯೂ ಹೆಚ್ಚಬಹುದು. ಅದಕ್ಕೇ ಇಲ್ಲಿನ ಮಾರ್ಗಸೂಚಿ ಮೊದಲ 4 ವಾರ ವಾರಕ್ಕೊಮ್ಮೆ ಮಗುವನ್ನು ವಿಚಾರಿಸಲು ಹೇಳುತ್ತದೆ. ಅಲ್ಲಿ ಒಂದು ತಿಂಗಳ ಚೀಟಿ ಬರೆದು ಕಳಿಸಿದರೆ "ನಡುವೆ ಚಡಪಡಿಕೆ ಕಂಡರೆ ಯಾರಿಗೆ ಫೋನ್ ಮಾಡಲಿ?" ಎಂದು ಕೇಳದೆ ಏಳಬೇಡಿ. ಅಭ್ಯಾಸವಾಗಿಬಿಡುತ್ತದೆಂದು ಯಾರೋ ಹೇಳಿದ್ದಕ್ಕೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಶುರುವಾಗಬಹುದು, ಕಾಯಿಲೆಯೂ ಮರುಕಳಿಸಬಹುದು. ನಿಲ್ಲಿಸುವುದಿದ್ದರೆ ಡಾಕ್ಟರ ಸಲಹೆಯಂತೆ ಹಂತಹಂತವಾಗಿ.

ಆತಂಕದಿಂದ ಶಾಲೆ ಬಿಟ್ಟ ಮಗು ಮನೆಯಲ್ಲಿ ಉಳಿದಷ್ಟೂ ಭಯ ಬಲಿಯುತ್ತದೆ, ಏಕೆಂದರೆ ಹೋಗದಿದ್ದಾಗ ಸಿಗುವ ನೆಮ್ಮದಿಯೇ ಹೋಗದಿರಲು ಕಾರಣವಾಗುತ್ತದೆ. ಹಾಗೆಂದು ಎಳೆದುಕೊಂಡು ಹೋದರೂ ಕೆಲಸ ಕೆಡುತ್ತದೆ. ಮೊದಲು ಗೇಟಿನ ತನಕ, ಆಮೇಲೆ ಒಂದು ಪೀರಿಯಡ್, ಆಮೇಲೆ ಮಧ್ಯಾಹ್ನದ ತನಕ. ಒಂದು ಮೆಟ್ಟಿಲಿನ ಭಯ ಅರ್ಧಕ್ಕಿಳಿಯುವವರೆಗೆ ಮುಂದಿನದಕ್ಕೆ ಕಾಲಿಡಬೇಡಿ. ಎರಡು ದಿನ ಚೆನ್ನಾಗಿ ಹೋಯಿತೆಂದು ಸೋಮವಾರ ಪೂರ್ತಿ ದಿನ ಕಳಿಸುವುದೇ ಎಲ್ಲರೂ ಎಡವುವ ಜಾಗ. ಇಲ್ಲಿ ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ಸಾಮಾನ್ಯ ಶಾಲೆಯಲ್ಲೂ ವಿಶೇಷ ಅಗತ್ಯಗಳ ಸಂಯೋಜಕರಿದ್ದಾರೆ. ದೊಡ್ಡ ನೆರವು ಬೇಕಾದರೆ ಕೌನ್ಸಿಲ್ (ಸ್ಥಳೀಯ ಆಡಳಿತ) 20 ವಾರದೊಳಗೆ ಆ ಮಗುವಿನ ನೆರವಿನ ಯೋಜನೆ ಬರೆದು ಮುಗಿಸಬೇಕೆಂಬ ಕಾನೂನಿದೆ, ವಿಳಂಬವಾಗುವುದು ಬೇರೆ ಮಾತು. ಕರ್ನಾಟಕದಲ್ಲಿ ಟಿಸಿ ತೆಗೆದುಕೊಳ್ಳಿ ಎಂದರೆ ಸುಮ್ಮನೆ ಒಪ್ಪಿಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಮೆಟ್ಟಿಲುಗಳ ಯೋಜನೆಯನ್ನು ಡಾಕ್ಟರ ಸಹಿಯೊಂದಿಗೆ ಹೆಡ್‌ಮಾಸ್ಟರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಆಸ್ಪತ್ರೆಗೆ ಸೇರಿಸುವ ವಿಷಯದಲ್ಲಿ ಮಾತ್ರ ನಮ್ಮ ಪದ್ಧತಿಯೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಇಲ್ಲಿ ಹಾಸಿಗೆ ಮನೆಯಿಂದ ಬಹು ದೂರದ ಊರಿನಲ್ಲಿ ಸಿಕ್ಕಿ, ತಂದೆತಾಯಿ ಭೇಟಿಯ ಹೊತ್ತಿಗೆ ಬಂದು ಹೋಗುವವರಾಗಿಬಿಡಬಹುದು. ಭಾರತದ ಮಾನಸಿಕ ಆರೋಗ್ಯ ಕಾಯ್ದೆ ಅಪ್ರಾಪ್ತರ ಜೊತೆ ಅವರ ಪ್ರತಿನಿಧಿ, ಅಂದರೆ ಸಾಮಾನ್ಯವಾಗಿ ಪೋಷಕರು, ಇಲ್ಲವೇ ಪ್ರತಿನಿಧಿ ನೇಮಿಸಿದವರು ದಾಖಲಾತಿಯ ಅಷ್ಟೂ ದಿನ ಇರಬೇಕೆನ್ನುತ್ತದೆ. ಮನೆಗೆ ಮರಳಿದ ಮೇಲೆ ಏನು ಮಾಡಬೇಕೆಂದು ಜೊತೆಗಿದ್ದವರು ಅಲ್ಲೇ ಕಲಿಯಬಹುದು. ಆದರೆ ಒಬ್ಬರೇ ಅಮ್ಮ ಅಷ್ಟೂ ರಾತ್ರಿ ಕೂರುವುದು ತಪ್ಪು. ಎರಡು ರಾತ್ರಿಗೊಮ್ಮೆ ಬದಲಾಗಲಿ, ನಿದ್ದೆಗೆಟ್ಟವರಿಂದ ತಾಳ್ಮೆ ನಿರೀಕ್ಷಿಸಲಾಗದು. ಇಲ್ಲಿ ಇಂಗ್ಲೆಂಡಿನಲ್ಲಿ ಇಂಥ ಮಗುವಿನ ತಂದೆತಾಯಿ ತಮ್ಮ ಅಗತ್ಯಗಳನ್ನೂ ಪರಿಶೀಲಿಸುವಂತೆ ಕೌನ್ಸಿಲನ್ನು ಕೇಳಬಹುದು, ಕೇಳುವವರು ಕಡಿಮೆ.

ಹದಿನೇಳೂವರೆ ವರ್ಷಕ್ಕೆ ಇನ್ನೊಂದು ತಯಾರಿ ಬೇಕು. ಇಲ್ಲಿ ಸಾಮಾನ್ಯವಾಗಿ 18ಕ್ಕೆ ಕ್ಯಾಮ್ಸ್ ಮುಗಿಯುತ್ತದೆ, ದೊಡ್ಡವರ ಸೇವೆಗೆ ಹೆಸರು ದಾಟಿಸದಿದ್ದರೆ ನಡುವೆ ಯಾರೂ ಇರುವುದಿಲ್ಲ. ಅಲ್ಲಿ ಡಾಕ್ಟರು ಅವರೇ ಮುಂದುವರಿಯಬಹುದು. ಆದರೆ ಅಪ್ರಾಪ್ತರಿಗೆ ಕಾನೂನಿನಂತೆ ಪೋಷಕರೇ ಪ್ರತಿನಿಧಿಯಾಗಿದ್ದದ್ದು 18ಕ್ಕೆ ಬದಲಾಗುತ್ತದೆ. ಯಾರು ಪ್ರತಿನಿಧಿಯಾಗಬೇಕು, ಕಾಯಿಲೆ ಹೆಚ್ಚಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮಗ ಅಥವಾ ಮಗಳು ಬರೆದಿಡಬಹುದು. ಮನಸ್ಸು ಹದದಲ್ಲಿರುವ ದಿನ ಜೊತೆಗೆ ಕೂತು ಅದನ್ನು ಬರೆಸಿ.